ವೀಣಳ ಬಯಕೆ ಹುಡುಕಿದ್ದು

ಕೆ.ಆರ್. ಪೇಟೆಯ ಅಕ್ಕಸಾಲಿಗರ ಬೀದಿಯಲ್ಲಿ ಒಂದು ಮನೆಯ ಹೆಂಗಸಿನ ಮನಸ್ಸು ತಿಳಿಯಬೇಕಾದರೆ ಅವಳ ಮುಖ ನೋಡಬೇಕಾಗಿಲ್ಲ, ಅಡುಗೆಮನೆಯ ಕಡೆ ಕಿವಿ ಕೊಟ್ಟರೆ ಸಾಕು. ಕೊಳಗ ದಡಾರನೆ ಕೂತಿತೋ, ಅವಳ ತವರಿನವರನ್ನು ಯಾರೋ ಆಡಿಕೊಂಡಿದ್ದಾರೆ. ಸೌಟು ತಟ್ಟೆಯ ಅಂಚಿಗೆ ಟಣ್ಣೆಂದಿತೋ, ಗಂಡ ಹೇಳದೆ ಕೇಳದೆ ಯಾರನ್ನೋ ಊಟಕ್ಕೆ ಕರೆತಂದಿದ್ದಾನೆ. ಜಯಲಕ್ಷ್ಮಮ್ಮ ಮದುವೆಯಾಗಿ ಬಂದಾಗಿನಿಂದ ಹೀಗೆ ಪಾತ್ರೆಯಲ್ಲೇ ಮಾತಾಡಿದವರು. ಅವರ ಗಂಡ ತಮ್ಮಯ್ಯಾಚಾರಿ ಮುಂದಿನ ಕೋಣೆಯ ಅಂಗಡಿಯಲ್ಲಿ ಕುಲುಮೆ ಊದುತ್ತ ಅದನ್ನೆಲ್ಲ ಕೇಳಿಸಿಕೊಂಡು, ಕೇಳಿಸಲಿಲ್ಲವೆಂಬಂತೆ ಬಾಳಿದವರು.

ಅಂಥ ಮನೆಗೆ ಚಿನಕುರಳಿಯ ಬಡಗಿಯ ಮಗಳು ವೀಣ ಸೊಸೆಯಾಗಿ ಬಂದಳು. ಅವಳ ಪಾತ್ರೆಗಳಿಗೆ ಬಾಯಿಯೇ ಇರಲಿಲ್ಲ. ಸ್ಟೀಲಿಗೆ ಸ್ಟೀಲು ತಗುಲಿದರೆ ಅವಳಿಗೆ ಹಲ್ಲಿನ ಸಂದಿಯಲ್ಲಿ ಸೂಜಿ ಆಡಿಸಿದಂತಾಗುತ್ತಿತ್ತು. ಹಾಗಾಗಿ ಕಟ್ಟೆಯ ಮೇಲೆ ಹಳೇ ಲುಂಗಿ ಹಾಸಿ, ತೊಳೆದ ಲೋಟವನ್ನು ಮಲಗಿದ ಕೂಸನ್ನು ಇಳಿಸಿದ ಹಾಗೆ ಇಳಿಸುತ್ತಿದ್ದಳು.

"ಈ ಹುಡುಗಿಗೆ ಕ್ವಾಪ ಐತೋ, ಖುಷಿ ಐತೋ ಒಂದೂ ಗೊತ್ತಾಗಕಿಲ್ಲ ಕಣೆ ದಿಲ್ಷಾದು," ಎಂದು ಜಯಲಕ್ಷ್ಮಮ್ಮ ಪಕ್ಕದ ಮನೆಯಲ್ಲಿ ಬ್ಲೌಸು ಹೊಲಿಯುವ ದಿಲ್ಷಾದ್ ಹತ್ತಿರ ಗೋಳಾಡಿದ್ದರು. "ಬೆಕ್ಕು ಪಾತ್ರೆ ತೊಳ್ದಂಗೆ ತೊಳೀತಾಳೆ."

"ಕ್ವಾಪ ಮಾಡ್ಕೊಳ್ದಿರೋ ಸೊಸೆ ಸಿಕ್ಕವ್ಳೆ, ಅದ್ಕೂ ಅಳ್ತೀಯಲ್ಲ ಜಯಕ್ಕ," ಎಂದು ದಿಲ್ಷಾದ್ ದಾರ ಕಚ್ಚಿದ್ದಳು.

ನಿಜ ಹೇಳಬೇಕೆಂದರೆ, ಕೋಪವಿದೆಯೋ ಖುಷಿಯಿದೆಯೋ ಎಂದು ವೀಣಳಿಗೂ ಗೊತ್ತಾಗುತ್ತಿರಲಿಲ್ಲ. ಒಳಗೆ ಏನೋ ಆಗುವುದಂತೂ ಆಗುತ್ತಿತ್ತು. ಎದೆಯ ಹತ್ತಿರ ಹುಣಸೆಬೀಜ ಸಿಕ್ಕಿಕೊಂಡಂತೆ, ಕಿವಿಯ ತುದಿ ಕಾದಂತೆ, ಮೊಣಕಾಲಿನಲ್ಲಿ ಇರುವೆ ಹರಿದಂತೆ. ಅದಕ್ಕೇನು ಹೆಸರು ಎಂಬುದು ಮಾತ್ರ ಹೊಳೆಯುತ್ತಿರಲಿಲ್ಲ. ಬೇರೆ ಹೆಂಗಸರು ಬೇಜಾರು, ಸಿಟ್ಟು, ಆಸೆ ಎಂದು ಒಂದೊಂದನ್ನೂ ಸಾಸಿವೆ ಜೀರಿಗೆಯ ಹಾಗೆ ಬೇರೆ ಬೇರೆ ಡಬ್ಬದಿಂದ ತೆಗೆದುಕೊಡುವುದು ಕಂಡು ಅವಳಿಗೆ ಆಶ್ಚರ್ಯವಾಗುತ್ತಿತ್ತು. ಅದು ಆಶ್ಚರ್ಯವೇ ಎಂದು ಕೇಳಿದ್ದರೆ ಅದಕ್ಕೂ ಉತ್ತರವಿರಲಿಲ್ಲ. ಚಿಕ್ಕವಳಿದ್ದಾಗ ಅವ್ವ ಪುಟ್ಟತಾಯಮ್ಮ "ಯಾಕವ್ವ ಅಳ್ತೀಯೆ" ಎಂದು ಕೇಳಿದರೆ, ಕೆನ್ನೆ ಮುಟ್ಟಿ ನೋಡಿಕೊಂಡು "ನೀರು ಬತ್ತಾ ಐತೆ" ಎನ್ನುತ್ತಿದ್ದಳು.

ಊಟದ್ದೂ ಹೀಗೇ. ಒಂದೇ ತುತ್ತಿನಲ್ಲಿ ಮೆತ್ತಗಿನದೂ ಗಟ್ಟಿಯದೂ ಸೇರಿ ಬಂದರೆ ನಾಲಿಗೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಬಿಳಿ ಅನ್ನ, ಗಡ್ಡೆಯಿಲ್ಲದ ಮೊಸರು, ಉಪ್ಪು, ಇಷ್ಟು ಇಳಿಯುತ್ತಿತ್ತು. ಪಾಂಡವಪುರದ ಹಾಸ್ಟೆಲಿನಲ್ಲಿ ಪಿಯುಸಿ ಓದುವಾಗ ಅದನ್ನೂ ಕಡಿಮೆ ಮಾಡುತ್ತ ಬಂದಳು. ಉಣ್ಣದಿದ್ದರೆ ಒಳಗಿನ ಗದ್ದಲ ಒಂದಿಷ್ಟು ತಣ್ಣಗಾಗುತ್ತಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ತಲೆ ಸುತ್ತಿ ಬಿದ್ದಳು, ನೀರು ಚಿಮುಕಿಸಿ ಎಬ್ಬಿಸಿದರು, ಮುಗಿಯಿತು. ಅದನ್ನು ಯಾರೂ ಕಾಯಿಲೆ ಎನ್ನಲಿಲ್ಲ. ಹೆಣ್ಣು ನೋಡಲು ಬಂದಾಗ ಮಧ್ಯಸ್ಥಿಕೆಯವನು "ಹುಡ್ಗಿ ಊಟ ಬಾಳ ಕಮ್ಮಿ" ಎಂದು ಅದನ್ನೇ ಒಂದು ಗುಣವಾಗಿ ಹೇಳಿದ. ತಮ್ಮಯ್ಯಾಚಾರಿ ಒರೆಗಲ್ಲಿಗೆ ಬಂಗಾರ ತಿಕ್ಕಿ ನೋಡಿದವರ ಹಾಗೆ ತಲೆದೂಗಿದರು.

ಕೆಲಸದಲ್ಲಿ ಮಾತ್ರ ಅವಳಿಗೆ ಯಾವ ಗೊಂದಲವೂ ಇರಲಿಲ್ಲ. ಅಕ್ಕಸಾಲಿಗರ ಮನೆಯ ಕಸವನ್ನು ಬೀದಿಗೆ ಎಸೆಯುವಂತಿಲ್ಲ, ಅದರಲ್ಲಿ ಬಂಗಾರದ ಪುಡಿ ಇರುತ್ತದೆ. ಮೂಲೆ ಮೂಲೆ ಗುಡಿಸಿ ಡಬ್ಬಕ್ಕೆ ತುಂಬಬೇಕು. ಆಮೇಲೆ ಅಂಟವಾಳದ ನೀರು ಕಾಯಿಸಿ ಗಿರಾಕಿಗಳ ಒಡವೆ ತೊಳೆಯಬೇಕು, ಮುದ್ದೆ ತಿರುವಬೇಕು, ಮಾವನಿಗೆ ಇಕ್ಕಬೇಕು, ಗಂಡ ಪ್ರಸಾದನಿಗೆ ಇಕ್ಕಬೇಕು, ಕಾಸಿನಸರಕ್ಕೆ ದಾರ ಪೋಣಿಸಬೇಕು, ಅತ್ತೆಗೆ ಇಕ್ಕಬೇಕು. ತನ್ನ ಸರದಿ ಬರುವಾಗ ಹೊತ್ತು ಇಳಿದಿರುತ್ತಿತ್ತು. "ಉಂಡ್ಯಾ?" ಎಂದು ಯಾರಾದರೂ ಅಪ್ಪಿತಪ್ಪಿ ಕೇಳಿದರೆ ವೀಣ ತನ್ನ ತಟ್ಟೆ ಮುಟ್ಟಿ ನೋಡುತ್ತಿದ್ದಳು. ಒದ್ದೆಯಿದ್ದರೆ ಉಂಡಿದ್ದಾಳೆ.

ಹೀಗಿರುವಾಗ ಅವಳು ಬಸುರಿಯಾದಳು.

ಹೆಣ್ಣಿಗೆ ಏನು ಬೇಕು ಎಂದು ಊರೆಲ್ಲ ಸೇರಿ ಕೇಳುವುದು ಜೀವಮಾನದಲ್ಲಿ ಅದೊಂದು ಕಾಲದಲ್ಲಿ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿಗೆ ಕಿವಿ ಸೋರುತ್ತದೆ ಎಂಬುದು ನಂಬಿಕೆ. ಆ ಮನೆಯಲ್ಲಿ ಅದಕ್ಕೆ ಸಾಕ್ಷಿಯೂ ಇತ್ತು. ಪ್ರಸಾದನ ಎಡಗಿವಿಯಲ್ಲಿ ಸದಾ ಹತ್ತಿ.

"ಇವನ್ನ ಹೊತ್ತಿದ್ದಾಗ ನಂಗೆ ಮೈಸೂರು ಪಾಕಿನ ಮ್ಯಾಲೆ ಬಯಕೆ ಆಗಿತ್ತು," ಎಂದರು ಜಯಲಕ್ಷ್ಮಮ್ಮ, ಮಗನ ಕಿವಿಯನ್ನು ಹಿಡಿದು ಬೀದಿಯವರಿಗೆ ತೋರಿಸುತ್ತ. "ಇವ್ರಪ್ಪ ತಂದ್ರು, ದಾರೀಲೇ ತಿಂದ್ಕೊಂಡ್ ಬಂದ್ರು. ನನ್ ಕೈಗೆ ಬಂದಿದ್ದು ಪೊಟ್ಣದ ಪೇಪರ್ರು. ನೋಡಿ ಇವನ ಗತಿಯ. ಯೋಳು ವೀಣ, ನಿಂಗೇನ್ ಬಯಕೆ?"

ವೀಣ ಯೋಚಿಸಿದಳು. ಪ್ರಾಮಾಣಿಕವಾಗಿ ತನ್ನೊಳಗೆ ಹುಡುಕಿದಳು. "ಗೊತ್ತಿಲ್ಲ ಕಣತ್ತೆ."

"ನಾಚ್ಕೋಬ್ಯಾಡ ಕಣೆ."

"ನಾಚ್ಕೆ ಆಗ್ತಿದ್ಯಾ ಅಂತ್ಲೂ ಗೊತ್ತಿಲ್ಲ."

ಆಸ್ಪತ್ರೆಯಲ್ಲಿ ಡಾಕ್ಟರು ಬಿಪಿ ನೋಡಲು ಕೈಗೆ ಪಟ್ಟಿ ಕಟ್ಟಿ, ತಕ್ಕಡಿ ಹತ್ತಿಸಿ, "ತೂಕ ಸಾಲದು. ಹಸಿವಾದಾಗೆಲ್ಲ ತಿನ್ನಮ್ಮ, ಸಂಕೋಚ ಬೇಡ," ಎಂದು ಕಳಿಸಿದರು. ವೀಣ ಅದನ್ನು ಅಕ್ಷರಶಃ ಪಾಲಿಸಿದಳು. ಕೆಲಸ ಮುಗಿಸಿ ಜಗಲಿಯ ಮೇಲೆ ಬಂದು ಕೂರುತ್ತಿದ್ದಳು. ಸೆರಗು ಸರಿಮಾಡಿಕೊಂಡು, ಕೈ ಮಡಿಚಿ, ನಾಗಮಂಗಲದ ಬಸ್ಸಿಗೆ ಕಾಯುವವಳ ಹಾಗೆ ಬೀದಿಯ ತುದಿ ನೋಡುತ್ತ.

"ಯಾರ್ಗೆ ಕಾಯ್ತಿದ್ದೀಯ ವೀಣ?" ಎಂದಳು ದಿಲ್ಷಾದ್.

"ಹಸಿವಿಗೆ."

ಹಸಿವು ಬರಲಿಲ್ಲ. ಬಂದಿದ್ದೆಂದರೆ ಅಡುಗೆಮನೆಯ ಟ್ಯೂಬ್‌ಲೈಟಿನ ತಕರಾರು. ಸಂಜೆಯಾಗುತ್ತಲೇ ಅದು ಗುಂಯ್ಗುಡುತ್ತದೆ, ಕಣ್ಣಿಗೆ ಚುಚ್ಚುತ್ತದೆ ಎಂದು ವೀಣ ಗಂಡನಿಗೆ ಹೇಳಿದಳು. ಪ್ರಸಾದ್ ಒಳ್ಳೆಯವನು, ಹೊಸ ಟ್ಯೂಬು ತಂದು ಹಾಕಿದ. ಅದೂ ಗುಂಯ್ಗುಟ್ಟಿತು. ಇನ್ನೊಂದು ತಂದ. ಅದೂ ಅದೇ ರಾಗ.

ಅತ್ತ ಬಯಕೆಯ ಹುಡುಕಾಟ ಜೋರಾಯಿತು. ಬಸುರಿಗೆ ಗೊತ್ತಿಲ್ಲದಿದ್ದರೇನು, ಮನೆಯ ಗಂಡಸರಿಗೆ ಚೆನ್ನಾಗಿ ಗೊತ್ತಿತ್ತು. ಬೆಳ್ಳೂರು ಕ್ರಾಸಿನ ಮಸಾಲೆದೋಸೆಯೇ ಇರಬೇಕೆಂದು ತಮ್ಮಯ್ಯಾಚಾರಿ ಖುದ್ದು ಬಸ್ಸು ಹತ್ತಿ ಹೋದರು. ಅಲ್ಲೇ ಎರಡು ತಿಂದು ಪರೀಕ್ಷಿಸಿ, ಒಂದನ್ನು ಪೊಟ್ಟಣ ಕಟ್ಟಿಸಿ ತಂದರು. ವೀಣ ದೋಸೆ ಬಿಚ್ಚಿ, ಪಲ್ಯ ಕಂಡು, ಮತ್ತೆ ಮಡಿಚಿದಳು. ಪ್ರಸಾದ್ ಪಾಂಡವಪುರದ ಆಲೆಮನೆಯಿಂದ ಬಿಸಿ ಬೆಲ್ಲ ತಂದ. ಶ್ರೀರಂಗಪಟ್ಟಣದ ಹೆದ್ದಾರಿ ಹೋಟೆಲಿನಿಂದ ಬಿಸಿಬೇಳೆಬಾತು ಬಂತು. ಒಂದೇ ತುತ್ತಿನಲ್ಲಿ ಎಂಟು ಬಗೆಯ ತರಕಾರಿ ಇದ್ದ ಅದನ್ನು ನೋಡಿದ್ದೇ ವೀಣ ಹಿತ್ತಿಲಿಗೆ ನಡೆದಳು. ಮುಟ್ಟದ ತಿಂಡಿ ಎಸೆಯುವುದುಂಟೇ? "ಬಸುರೀದು, ವೇಸ್ಟ್ ಆಗ್ಬಾರ್ದು," ಎಂದು ಮಾವ ಗಂಡ ಇಬ್ಬರೂ ಕರ್ತವ್ಯದಂತೆ ತಿಂದರು. ತಂದ ಪಾತ್ರೆಗಳನ್ನು ವೀಣ ತೊಳೆದಳು, ಸದ್ದಿಲ್ಲದೆ.

ಮುಂದಿನ ತಪಾಸಣೆಗೆ ಮನೆಮಂದಿಯೆಲ್ಲ ಹೋದರು. ಹೇಗೂ ಬಂದಿದ್ದೇವಲ್ಲ ಎಂದು ತಮ್ಮಯ್ಯಾಚಾರಿಯೂ ಪ್ರಸಾದನೂ ತಕ್ಕಡಿ ಹತ್ತಿದರು. ಇಬ್ಬರ ತೂಕವೂ ಬಸುರಿಗೆ ಏರಬೇಕಾದಷ್ಟು ಏರಿತ್ತು. ವೀಣಳದು ಇಳಿದಿತ್ತು. ಡಾಕ್ಟರು ನಗಲಿಲ್ಲ. ಮಗು ಬೆಳೆಯುತ್ತಿಲ್ಲ, ಮುಂದಿನ ಸಲವೂ ಹೀಗೇ ಆದರೆ ಮಂಡ್ಯದ ದೊಡ್ಡಾಸ್ಪತ್ರೆಗೆ ಸೇರಿಸಿ ಮೂಗಿನಲ್ಲಿ ನಳಿಗೆ ಹಾಕಿ ಆಹಾರ ಕೊಡಬೇಕಾಗುತ್ತದೆ, ಅಷ್ಟು ಮಾಡಿದರೂ ಮಗು ಉಳಿಯುತ್ತದೆ ಎಂದು ಹೇಳಲಾಗದು ಎಂದರು. ವೀಣಳಿಗೆ ಏನನ್ನಿಸಿತೋ ಅವಳಿಗೆ ತಿಳಿಯಲಿಲ್ಲ. ಅವಳ ಕಾಲುಗಳು ಮಾತ್ರ ಎದ್ದು ಹೊರಟವು. ಎಲ್ಲರೂ ಹುಡುಕಿಕೊಂಡು ಬಂದಾಗ ಅವಳು ಆಟೋಸ್ಟ್ಯಾಂಡಿನಲ್ಲಿ, ಯಾವ ಆಟೋವನ್ನೂ ಹತ್ತದೆ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ನಿಂತಿದ್ದಳು.

ಸುದ್ದಿ ಬೀದಿಗೆ ಹಬ್ಬಿತು. ಮೂಲೆಮನೆಯ ಮುದುಕಿ ಮಾರಮ್ಮ ಕೋಲೂರಿಕೊಂಡು ಬಂದಳು. "ನಿಂಗೆ ಬಯಕೆ ಇಲ್ಲ ಅಂದ್ರೆ ನಂದು ತಕೊ ಮಗ," ಎಂದಳು. "ನಂದೊಂದು ಹಂಗೇ ಉಳ್ಕೊಂಡೈತೆ. ಹಿರಿಮಗನ್ನ ಹೊತ್ತಿದ್ದಾಗ ಮಣ್ಣಿನ ಗ್ವಾಡೆಗೆ ನೀರು ಚುಮುಕ್ಸಿ ನೆಕ್ಬೇಕು ಅಂತ ಆಸೆ. ನಮ್ಮತ್ತೆ ನೆಕ್ಕಾಕೆ ಬುಡ್ನಿಲ್ಲ, ಸುಣ್ಣ ಹೊಡಿಸ್ಬುಟ್ಳು."

ತಯಾರಾದ ಬಯಕೆಯೊಂದು ಸಿಕ್ಕಿತಲ್ಲ ಎಂದು ವೀಣ ಒಪ್ಪಿಕೊಂಡಳು. ಆದರೆ ಪೇಟೆಯಲ್ಲಿ ಮಣ್ಣಿನ ಗೋಡೆ ಎಲ್ಲಿದೆ, ಎಲ್ಲ ಸಿಮೆಂಟು. ಜಯಲಕ್ಷ್ಮಮ್ಮ ಸೊಸೆಯನ್ನೂ ಮಾರಮ್ಮನನ್ನೂ ಆಟೋದಲ್ಲಿ ಕೂರಿಸಿಕೊಂಡು ಸಿಂಧಘಟ್ಟಕ್ಕೆ ಹೋದರು. ಊರೆಲ್ಲ ಸುತ್ತಿದ ಮೇಲೆ ಒಂದು ಹಳೇ ಕೊಟ್ಟಿಗೆ ಸಿಕ್ಕಿತು. ಅದರ ಯಜಮಾನ ಲಕ್ಷ್ಮಣ, ಸೆಗಣಿ ಬಾಚುತ್ತಿದ್ದವನು, ಮೂವರು ಹೆಂಗಸರು ತನ್ನ ಗೋಡೆಗೆ ನೀರು ಎರಚುವುದನ್ನು ಕಂಡು ಬಾಯಿ ತೆರೆದ.

"ಏನವ್ವ ಮಾಡ್ತಾ ಇವ್ರಿ ನನ್ ಗ್ವಾಡೆಗೆ?"

"ಸುಮ್ಕಿರಪ್ಪ, ಬಸುರಿ ನೆಕ್ತಾಳೆ," ಎಂದರು ಜಯಲಕ್ಷ್ಮಮ್ಮ.

ಬಸುರಿ ಅಂದ ಮೇಲೆ ಲಕ್ಷ್ಮಣ ಮಾತಾಡುವಂತಿರಲಿಲ್ಲ. ಟವೆಲ್ಲಿನಿಂದ ಗೋಡೆಯ ಒಂದು ಭಾಗ ಒರೆಸಿ, "ಇಲ್ ಒಸಿ ಚೊಕ್ಕಟವಾಗೈತೆ" ಎಂದು ಜಾಗ ತೋರಿಸಿದ. ವೀಣ ನಾಲಿಗೆಯ ತುದಿ ತಾಗಿಸಿದಳು. ಎಲ್ಲರೂ ಅವಳ ಮುಖ ನೋಡಿದರು.

"ಎಂಗೈತೆ?"

"ಮಣ್ಣಿನಂಗೈತೆ."

ಮಾರಮ್ಮ ತಡೆಯಲಾರದೆ ತಾನೇ ನೆಕ್ಕಿದಳು. ಎರಡು ಸಲ ನೆಕ್ಕಿ ಕಣ್ಣು ಮುಚ್ಚಿದಳು. ಆ ವಾರವೆಲ್ಲ ಅವಳು ಬೀದಿಯಲ್ಲಿ ಕೋಲಿಲ್ಲದೆ ಓಡಾಡಿದಳು ಎಂದು ದಿಲ್ಷಾದ್ ಹೇಳುತ್ತಾಳೆ. ವೀಣಳ ತೂಕಕ್ಕೆ ಇದರಿಂದ ಏನೂ ಆಗಲಿಲ್ಲ.

ಕೊನೆಗೆ ತಾಲ್ಲೂಕು ಆಸ್ಪತ್ರೆಯ ಡಾಕ್ಟರು, ಮಂಡ್ಯದಲ್ಲಿ ಮನಸ್ಸಿನ ಡಾಕ್ಟರೊಬ್ಬರಿದ್ದಾರೆ, ತೋರಿಸಿ ಎಂದರು. "ಹೊಟ್ಟೆ ತಾಪತ್ರಯಕ್ಕೆ ಮನಸ್ಸಿನ ಡಾಕ್ಟ್ರಾ?" ಎಂದು ಗೊಣಗಿಕೊಂಡೇ ಜಯಲಕ್ಷ್ಮಮ್ಮ ಕರೆದೊಯ್ದರು. ಅಲ್ಲಿದ್ದ ಡಾಕ್ಟರಮ್ಮ ಎಷ್ಟೋ ಹೊತ್ತು ಮಾತಾಡಿಸಿದರು. ಹಾಸ್ಟೆಲಿನ ವಿಷಯವೂ ಕೇಳಿದರು, ಪಾತ್ರೆಯ ಸದ್ದಿನ ವಿಷಯವೂ ಕೇಳಿದರು.

"ಈಗ ನಿಮಗೆ ಏನನ್ನಿಸ್ತಿದೆ ವೀಣ?"

"ಈ ಕುರ್ಚಿ ಕಾಲು ಒಂದು ಗಿಡ್ಡ."

ಡಾಕ್ಟರು ಬಗ್ಗಿ ನೋಡಿದರು. ಗಿಡ್ಡವೇ ಇತ್ತು. ಅವರು ಎದ್ದು ತಮ್ಮ ಕುರ್ಚಿಯನ್ನು ಅವಳಿಗೆ ಕೊಟ್ಟು, ಜಯಲಕ್ಷ್ಮಮ್ಮನ ಕಡೆ ತಿರುಗಿದರು. "ಇವರು ಹಟ ಮಾಡ್ತಿಲ್ಲಮ್ಮ. ಕೆಲವರಿಗೆ ಮೈಯೊಳಗೆ ಎಲ್ಲರಿಗೂ ಆಗೋದೆಲ್ಲ ಆಗುತ್ತೆ, ಅದು ಇಂಥದ್ದು ಅಂತ ಗುರುತು ಸಿಗಲ್ಲ. ಆಟಿಸಂ ಇರೋರಲ್ಲಿ ಇದು ಜಾಸ್ತಿ, ಊಟ ಬಿಡೋ ಕಾಯಿಲೆ ಇರೋರಲ್ಲೂ ಜಾಸ್ತಿ. ಇವರಿಗೆ ಎರಡೂ ಇರಬಹುದು, ಹೆರಿಗೆ ಆದಮೇಲೆ ನಿಧಾನಕ್ಕೆ ನೋಡೋಣ. ಈಗ ಹಸಿವಿಗೆ ಕಾಯಬೇಡಿ, ಹೊತ್ತಿಗೆ ಸರಿಯಾಗಿ ಅವರು ತಿನ್ನೋದನ್ನೇ ಕೊಡಿ. ಹಸಿವಾದಾಗ ಇವರ ಮೈ ಬೇರೆ ಏನಾದ್ರೂ ಹೇಳ್ತಿರುತ್ತೆ. ಅದೇನು ಅಂತ ಗಮನ ಇಡಿ."

ವಾಪಸು ಬರುವಾಗ ಬಸ್ಸು ಪಾಂಡವಪುರ ದಾಟಿದ ಮೇಲೆ ಜಯಲಕ್ಷ್ಮಮ್ಮ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು, "ನಂಗೂ ಏನೂ ಬಯಕೆ ಇರ್ನಿಲ್ಲ ಕಣೆ."

"ಮೈಸೂರು ಪಾಕು?"

"ಅದು ನಿಮ್ಮಾವಂಗಿಷ್ಟ. ನಮ್ಮತ್ತೆ ಏನ್ ಬೇಕೇ ಏನ್ ಬೇಕೇ ಅಂತ ಜೀವ ತಿಂದ್ಲು. ಅಲ್ಲೀಗಂಟ ಯಾರೂ ಕೇಳ್ದೆ ಇದ್ರಲ್ಲ, ಬಾಯಿಗೆ ಏನೂ ಬರ್ನಿಲ್ಲ. ಅದ್ಕೇ ಮೈಸೂರು ಪಾಕು ಅಂದ್ಬುಟ್ಟೆ."

"ಮತ್ತೆ ಇವ್ರ ಕಿವಿ?"

"ಇಸ್ಕೂಲಲ್ಲಿ ಬಳಪ ತುರುಕ್ಕೊಂಡಿದ್ದ."

ಮಾರನೇ ದಿನ ಇಳಿಹೊತ್ತು. ಅಡುಗೆಮನೆಯಲ್ಲಿ ಜಯಲಕ್ಷ್ಮಮ್ಮ ಅವರೆಕಾಯಿ ಬಿಡಿಸುತ್ತಿದ್ದರು, ವೀಣ ಸರ ಪೋಣಿಸುತ್ತಿದ್ದಳು. ಅವಳ ಬೆರಳಿನಿಂದ ಮಣಿ ಜಾರಿತು. "ಅತ್ತೆ, ಈ ಟ್ಯೂಬ್‌ಲೈಟು ಮತ್ತೆ ಗುಂಯ್ ಅಂತೈತೆ. ಕಣ್ಣಿಗೆ ಚುಚ್ತೈತೆ."

ಜಯಲಕ್ಷ್ಮಮ್ಮ ತಲೆಯೆತ್ತಿದರು. "ಕರೆಂಟೇ ಇಲ್ಲ ಕಣೆ ಮಧ್ಯಾನದಿಂದ."

ಇಬ್ಬರೂ ಟ್ಯೂಬ್‌ಲೈಟನ್ನು ನೋಡಿದರು. ಅದು ತನ್ನ ಪಾಡಿಗೆ ತಾನು ಬಿಳಿಯ ಕೋಲಾಗಿ ಗೋಡೆಗಂಟಿಕೊಂಡಿತ್ತು. ಜಯಲಕ್ಷ್ಮಮ್ಮ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ತಳ್ಳಿ ಎದ್ದರು. ತಟ್ಟೆಗೆ ಅನ್ನ ಹಾಕಿ, ಮೊಸರನ್ನು ಬಟ್ಟೆಯಲ್ಲಿ ಸೋಸಿ ಹುಯ್ದು, ಸೊಸೆಯ ಮುಂದೆ ಇಟ್ಟರು. ಲುಂಗಿಯ ತುಂಡು ಹಾಸಿ, ಸದ್ದಾಗದಂತೆ ಇಟ್ಟರು. ವೀಣ ಉಂಡಳು.

"ಈಗ?"

ವೀಣ ಕಿವಿಗೊಟ್ಟಳು. "ಈಗ ಇಲ್ಲ."

ಸಂಜೆ ಪ್ರಸಾದ್ ಹೊಸ ಟ್ಯೂಬು ಹಿಡಿದು ಬಂದ. "ಇದು ಮೂರ್ನೇದು ಕಣವ್ವ," ಎಂದ.

"ಮೂರು ಹೊತ್ತು ಇಕ್ಕಿದ್ರೆ ಸಾಕಿತ್ತು ಕಣ್ಲಾ, ಮೂರು ಟ್ಯೂಬು ಯಾಕೆ ಬೇಕಿತ್ತು," ಎಂದರು ಅವ್ವ.

ಅಂದಿನಿಂದ ಆ ಮನೆಯ ಊಟದ ವ್ಯವಸ್ಥೆ ತಲೆಕೆಳಗಾಯಿತು. ಹೊತ್ತಿಗೆ ಸರಿಯಾಗಿ ವೀಣಳಿಗೆ ಮೊದಲು ತಟ್ಟೆ. ಅದರ ನಡುವೆ ಅವಳು ಲೋಕದ ಮೇಲೆ ಏನು ದೂರು ಹೇಳಿದರೂ ಇನ್ನೊಂದು ತಟ್ಟೆ. ಬೀದಿಯ ನಾಯಿ ಜಾಸ್ತಿ ಬೊಗಳುತ್ತಿದೆ ಎಂದರೆ ಅನ್ನ, ಗೋಡೆಯ ಬಣ್ಣ ಸರಿಯಿಲ್ಲ ಎಂದರೆ ಅನ್ನ. ಜಯಲಕ್ಷ್ಮಮ್ಮನ ಉತ್ಸಾಹ ಅತಿಯಾಗಿ, "ಬಾಗ್ಲಲ್ಲಿ ಯಾರೋ ಬಂದವ್ರೆ" ಎಂದಿದ್ದಕ್ಕೂ ಒಮ್ಮೆ ಅನ್ನ ಬಂತು. ಬಾಗಿಲಲ್ಲಿ ನಿಜವಾಗಿ ಬಂದಿದ್ದವರು ಸೊಸೆ ಉಂಡು ಮುಗಿಸುವವರೆಗೂ ನಿಂತಿದ್ದು, ಒಡವೆಯನ್ನು ಬೇರೆ ಅಂಗಡಿಗೆ ಕೊಟ್ಟರು. ತಮ್ಮಯ್ಯಾಚಾರಿಗೆ ಇದು ಸರಿಬರಲಿಲ್ಲ. ಆದರೆ ತಕ್ಕಡಿಯ ಮುಳ್ಳು ಸೊಸೆಯ ಕಡೆಗಿತ್ತು. ಡಾಕ್ಟರು "ಮಗು ಬೆಳೀತಿದೆ, ಹೀಗೇ ನಡೀಲಿ, ಈಗ ಒಂದು ವಾರ ಕೆಟ್ಟರೂ ಕಷ್ಟ" ಎಂದರು.

ಆ ಎಚ್ಚರಿಕೆಯ ಬೆನ್ನಿಗೇ ಸೀಮಂತ ಬಂತು. ಮದುವೆಯ ದಿನ ನೆಂಟರೆಲ್ಲ ಬಾಯಿಗೆ ತುರುಕಿದ್ದಕ್ಕೆ ಈ ಹುಡುಗಿ ಒಂದು ವಾರ ಏನನ್ನೂ ಮುಟ್ಟಿರಲಿಲ್ಲ ಎಂಬುದು ಜಯಲಕ್ಷ್ಮಮ್ಮನಿಗೆ ನೆನಪಿತ್ತು. ಬೇಡವೆಂದರೆ ಬೀಗರು ಕೇಳುತ್ತಾರೆಯೇ? ಪುಟ್ಟತಾಯಮ್ಮ ಚಿನಕುರಳಿಯಿಂದ ಟೆಂಪೋ ತುಂಬ ಬಂದಿಳಿದಳು. ಐದು ಬಗೆಯ ಕಲಸಿದ ಅನ್ನ, ಎಳ್ಳಿನ ಚಿಗಳಿ, ಚಕ್ಕುಲಿ. ಕೆಂಪು ಶಾಮಿಯಾನದ ಕೆಳಗೆ ಊಟದ ಎಲೆ ಹಾಸಿದರು. ಬಸುರಿ ಬಾಯಿಗೆ ತುತ್ತು ಇಡದೆ ಬೇರೆ ಎಲೆಗೆ ಬಡಿಸುವಂತಿಲ್ಲ, ಅದು ಕಟ್ಟಳೆ. ಮುತ್ತೈದೆಯರು ಒಬ್ಬೊಬ್ಬರಾಗಿ ಕೈಯಲ್ಲಿ ತುತ್ತು ಹಿಡಿದು ಸಾಲು ನಿಂತರು. ಹಸಿರು ಬಳೆಯ ವೀಣ ಮಣೆಯ ಮೇಲೆ ಕೂತಿದ್ದಳು, ಅವಳ ತುಟಿ ಬೀಗ ಹಾಕಿದಂತಿತ್ತು.

"ಅತ್ತೆ," ಎಂದಳು ಮೆಲ್ಲಗೆ, "ಈ ಶಾಮಿಯಾನದ ಕೆಂಪು ಕೂಗ್ತಾ ಐತೆ."

ಜಯಲಕ್ಷ್ಮಮ್ಮ ಕೇಳಿದ್ದೇ ಸೊಸೆಯ ತೋಳು ಹಿಡಿದು ಎಬ್ಬಿಸಿದರು. "ಬಸುರಿಗೆ ಒಂದು ಶಾಸ್ತ್ರ ಐತೆ, ಒಳಗೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಅವಳನ್ನು ಅಡುಗೆಮನೆಗೆ ಕರೆದೊಯ್ದು ಚಿಲಕ ಹಾಕಿದರು. ಬಿಸಿ ಅನ್ನ ಬಡಿಸಿದರು, ಮೊಸರು ಸೋಸಿದರು. ಬೀಗರಿಗೆ ಬಡಿಸಬೇಕಾದ ಅಡುಗೆ, ಸೌಟು, ಬಕೆಟ್ಟು ಎಲ್ಲವೂ ಒಳಗೇ ಇತ್ತು.

ವೀಣ ನಿಧಾನಕ್ಕೆ ಉಣ್ಣುವವಳು. ಹೊರಗೆ ಮೊದಲು ನಗು ಕೇಳಿತು, ಆಮೇಲೆ ಮಾತು, ಆಮೇಲೆ ಗಂಡಸರ ದನಿ ಏರಿತು. ತಮ್ಮಯ್ಯಾಚಾರಿ ಕುರ್ಚಿ ಹಾಕಿದವನನ್ನು ಬೈದರು, ಶಾಸ್ತ್ರಿಗಳ ಮಂತ್ರ ಉದ್ದವಾಯಿತು ಎಂದರು, ಬಿಸಿಲು ಜಾಸ್ತಿ ಎಂದರು. ಪ್ರಸಾದನಿಗೂ ವೀಣಳ ಅಣ್ಣನಿಗೂ ಟೆಂಪೋ ನಿಲ್ಲಿಸಿದ ಜಾಗದ ವಿಷಯಕ್ಕೆ ಜಗಳ ಹತ್ತಿತು.

ವೀಣ ತುತ್ತನ್ನು ಕೈಯಲ್ಲೇ ಹಿಡಿದು ಕಿವಿಗೊಟ್ಟಳು. "ಅತ್ತೆ, ಅವ್ರಿಗೆಲ್ಲ ಹಸಿವಾಗೈತೆ."

"ಅವ್ರಿಗೆ ಗೊತ್ತಾ?"

"ಗೊತ್ತಿಲ್ಲ ಅನ್ಸುತ್ತೆ."

"ಸರಿ, ನೀನು ಉಣ್ಣು."

ಯಾರೋ ಬಾಗಿಲು ಬಡಿದರು. ತಮ್ಮಯ್ಯಾಚಾರಿಯ ದನಿ, ಎಂದೂ ಇಲ್ಲದಷ್ಟು ಸಣ್ಣಗೆ. "ಜಯಾ, ನಂಗೇನೋ ಆಯ್ತಾ ಐತೆ ಕಣೆ. ಎದೆ ಡವ ಡವ ಅಂತೈತೆ, ಎಲ್ರ ಮ್ಯಾಲೂ ಸಿಟ್ ಬತ್ತೈತೆ, ಕೈ ನಡುಗ್ತೈತೆ. ಬಿಪಿ ಮಾತ್ರೆ ಎಲ್ ಮಡಗಿದ್ದೀಯ?"

ಅರವತ್ತು ದಾಟಿದ ಆ ಮನುಷ್ಯನ ತಟ್ಟೆ ಒಂದು ದಿನವೂ ತಡವಾಗಿ ಬಂದಿರಲಿಲ್ಲ.

"ಮಾವ," ಎಂದಳು ವೀಣ ಬಾಗಿಲಿನ ಸಂದಿಗೆ ಬಾಯಿಟ್ಟು, ಡಾಕ್ಟರಮ್ಮನಷ್ಟೇ ಸಮಾಧಾನವಾಗಿ, "ಗಾಬ್ರಿಯಾಗ್ಬೇಡಿ. ಅದು ಹಸಿವು."

ಆಚೆ ಬಾಗಿಲು ಬಡಿಯುವುದು ನಿಂತಿತು. "ನಂಗಾ?" ಎಂದಿತು ದನಿ.

ಜಯಲಕ್ಷ್ಮಮ್ಮ ಕಟ್ಟೆಗೊರಗಿ ನಿಂತು ಒಂದು ಮುಚ್ಚಳವನ್ನು ಒರೆಸುತ್ತಿದ್ದರು. ಅದು ಆಗಲೇ ಒಣಗಿತ್ತು. ವೀಣ ಅವರ ಕೈಯನ್ನೇ ನೋಡಿದಳು. "ಅತ್ತೆ, ನೀವು ಬೆಳಿಗ್ಗೆಯಿಂದ ಉಂಡ್ರಾ?"

ಜಯಲಕ್ಷ್ಮಮ್ಮ ಯೋಚಿಸಿದರು. ತಮ್ಮ ತಟ್ಟೆಯನ್ನು ಹುಡುಕಿ ಮುಟ್ಟಿ ನೋಡಿದರು. "ಗೊತ್ತಿಲ್ಲ ಕಣೆ," ಎಂದರು.

ವೀಣ ಪಕ್ಕಕ್ಕೆ ಸರಿದು ಲುಂಗಿಯ ಮೇಲೆ ಜಾಗ ಮಾಡಿಕೊಟ್ಟಳು. ಅತ್ತೆ ಚಕ್ಕಳಮಕ್ಕಳ ಹಾಕಿ ಕೂತರು. ಅನ್ನಕ್ಕೆ ಕೈಯಿಟ್ಟ ಮೇಲೆ, ಹೊರಗಿನವರಿಗೆ ಕೇಳುವಂತೆ ದನಿ ಏರಿಸಿ ಹೇಳಿದರು:

"ಶಾಸ್ತ್ರ ಇನ್ನೂ ಒಂದ್ ಗಂಟೆ ಐತೆ. ಎಲ್ರೂ ಕೂತಿರಿ."